ಎರಡು ಕಪ್ಪು ಪರದೆ, ಹನ್ನೊಂದು ಮೆಸೇಜು

ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಯಾವಾಗಲೂ ಎರಡು ಬಣ್ಣದ ಪರದೆ ತೆರೆದಿರುತ್ತವೆ. ಒಂದು ಕಪ್ಪು. ಅದು ಲ್ಯಾಪ್‌ಟಾಪಿನದೇ. ಇನ್ನೊಂದು ದಾಳಿಂಬರಿ ಬಣ್ಣದ್ದು. ಅದು ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿರುವ ಯಂತ್ರದ್ದು. ಕಾರ್ಖಾನೆಗೆ ಬನಹಟ್ಟಿಯ ನಮ್ಮ ಮನೆಯಿಂದ ಮುಧೋಳದ ಕಡೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನೋಡಿದವರು ಚಂದ ಕಾಣಲೆಂದು ಮಾಡಿಕೊಂಡಿದ್ದಾನೆ ಅಂದುಕೊಳ್ಳುತ್ತಾರೆ. ಬಹಳ ದಿನ ನಾನು ಅವರನ್ನು ಹಾಗೆಯೇ ಅಂದುಕೊಳ್ಳಲು ಬಿಟ್ಟಿದ್ದೆ.

ನನ್ನ ಕೆಲಸ ಕಬ್ಬಿನ ಪಾಳಿಯ ಪಟ್ಟಿ ನೋಡಿಕೊಳ್ಳುವುದು. ಯಾರು ಮೊದಲು ನಾಟಿ ಮಾಡಿದ್ದಾರೋ ಅವರ ಕಬ್ಬು ಮೊದಲು ಕಾರ್ಖಾನೆಗೆ ಬರಬೇಕು. ಪಾಳಿ ಬಂದಾಗ ಕಡಿಯಲು ಅನುಮತಿ ಹೋಗುತ್ತದೆ. ಅನುಮತಿ ಬಂದ ಮೇಲೆಯೇ ರೈತ ಕಬ್ಬು ಕಡಿಯುವ ಗ್ಯಾಂಗಿನವರನ್ನು ಹೊಲಕ್ಕೆ ಇಳಿಸುತ್ತಾನೆ, ಟ್ರ್ಯಾಕ್ಟರು ಬರುತ್ತದೆ. ಅನುಮತಿ ಇಲ್ಲದೆ ಕಡಿದರೆ ಟ್ರ್ಯಾಕ್ಟರು ಬರುವುದಿಲ್ಲ. ಕಡಿದ ಕಬ್ಬು ಹೊಲದಲ್ಲೇ ಬಿದ್ದು ದಿನದಿನಕ್ಕೆ ಒಣಗುತ್ತದೆ. ಮೊದಲು ಈ ಅನುಮತಿಯನ್ನು ಫೀಲ್ಡ್‌ಮನ್ ಎಂಬ ಕಾರ್ಖಾನೆಯ ನೌಕರರು ಚೀಟಿಯಲ್ಲಿ ಬರೆದು ಮನೆಮನೆಗೆ ಮುಟ್ಟಿಸುತ್ತಿದ್ದರು. ಈಗ ಅವರು ನಾಟಿಯ ದಿನದ ಪಟ್ಟಿ ಬರೆದುಕೊಟ್ಟರೆ ಸಾಕು, ರೈತರ ಫೋನಿಗೆ ಮೆಸೇಜು ಹೋಗುತ್ತದೆ. ಆ ಮೆಸೇಜಿನ ಮಾತುಗಳನ್ನು ಬರೆದವನು ನಾನು. ಕೊನೆಯಲ್ಲಿ ಆಯಾ ಹಳ್ಳಿಗಳ ಫೀಲ್ಡ್‌ಮನ್ ಹೆಸರು ಬರುವಂತೆ ಮಾಡಿದವನೂ ನಾನೇ. ಯಂತ್ರದ ಮಾತಿಗಿಂತ ಗುರುತಿನ ಮನುಷ್ಯನ ಹೆಸರನ್ನು ಜನ ನಂಬುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು.

ಬೀಳಗಿಯ ಕಡೆ, ಹಿನ್ನೀರಿನ ಪಕ್ಕದ ಏಳೆಂಟು ಹಳ್ಳಿ ನೋಡಿಕೊಳ್ಳುತ್ತಿದ್ದ ಫೀಲ್ಡ್‌ಮನ್ ಹುನ್ನೂರಿನವರು. ಐವತ್ತು ದಾಟಿದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನಗೆ ತಮ್ಮಾ ಎನ್ನುತ್ತಿದ್ದರು. ಕಬ್ಬಿನ ಗಣಿಕೆ ಮುಟ್ಟಿ ಅದು ಎಷ್ಟು ತಿಂಗಳಿನದು ಎಂದು ಹೇಳಬಲ್ಲವರು. ಕಚೇರಿಗೆ ಬಂದಾಗಲೆಲ್ಲ ನನ್ನ ಹಿಂದೆ ನಿಂತು, "ತಮ್ಮಾ, ನಿನ್ನ ಮಷೀನಿಗೆ ಕಬ್ಬು ಸೀ ಐತೋ ಸಪ್ಪಗ ಐತೋ ಗೊತ್ತಾಕ್ಕೈತೇನು?" ಎಂದು ಕೇಳುತ್ತಿದ್ದರು. "ಇಲ್ರಿ ಕಾಕಾ" ಎಂದರೆ, "ಹಂಗಾರ ಇನ್ನೊಂದು ನಾಕು ವರ್ಷ ನನ್ನ ನೌಕರಿಗೆ ಚಿಂತಿಲ್ಲ" ಎಂದು ಹೋಗುತ್ತಿದ್ದರು.

ನನ್ನ ಬಹುಪಾಲು ಕೆಲಸ ಟರ್ಮಿನಲ್‌ನಲ್ಲಿ ನಡೆಯುತ್ತದೆ. ಅದು ಚಿತ್ರವಿಲ್ಲದ, ಗುಂಡಿಗಳಿಲ್ಲದ ಖಾಲಿ ಪರದೆ. ಮಾಡಬೇಕಾದ್ದನ್ನು ಒಂದು ಸಾಲಿನಲ್ಲಿ ಬರೆದು ಎಂಟರ್ ಒತ್ತಿದರೆ ಯಂತ್ರ ಅದನ್ನು ಮಾಡಿಬಿಡುತ್ತದೆ. ಖರೆ ಮಾಡಲೇನು ಎಂದು ತಿರುಗಿ ಕೇಳುವುದಿಲ್ಲ. ಬನಹಟ್ಟಿಯಲ್ಲಿ ಕೂತು ಒಂದು ಪರದೆಯಿಂದ ಲ್ಯಾಪ್‌ಟಾಪಿಗೂ, ಅದರ ಪಕ್ಕದ ಇನ್ನೊಂದು ಪರದೆಯಿಂದ ಕಾರ್ಖಾನೆಯ ಯಂತ್ರಕ್ಕೂ ಕೆಲಸ ಹೇಳಬಹುದು. ಎರಡೂ ಕಪ್ಪು, ಎರಡರಲ್ಲೂ ಬಿಳಿ ಅಕ್ಷರ. ಯಾವುದು ಯಾವ ಯಂತ್ರ ಎಂಬುದು ಪ್ರತಿ ಸಾಲಿನ ಮೊದಲಿಗೆ ಸಣ್ಣದಾಗಿ ಬರೆದಿರುತ್ತದೆ. ಅದನ್ನು ಓದುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ. ಬಸ್ಸಿನ ಬೋರ್ಡು ನೋಡದೆ ದಿನದ ಬಸ್ಸು ಹತ್ತುವವರಂತೆ.

ಅದು ಎಳ್ಳ ಅಮಾವಾಸ್ಯೆಗೆ ಎರಡು ದಿನ ಮೊದಲು, ಸೋಮವಾರ. ನಾನು ಮನೆಯಲ್ಲಿದ್ದೆ. ಸಂಜೆ ನಾಲ್ಕರ ಸುಮಾರು. ಮುಂದಿನ ಕೋಣೆಯಲ್ಲಿ ಅವ್ವನ ಎರಡೂ ಮಗ್ಗ ನಡೆದಿದ್ದವು. ಪಟ್ಟಿ ತಯಾರಿಸಿ ಮೆಸೇಜು ಕಳಿಸುವ ಪ್ರೋಗ್ರಾಮನ್ನು ನಾನು ಹೊಸದಾಗಿ ಬರೆದಿದ್ದೆ. ಅದನ್ನು ಪರೀಕ್ಷಿಸಲು ಪಟ್ಟಿಯ ಒಂದು ನಕಲನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ. ಬದಲಾವಣೆ ಥಟ್ಟನೆ ಕಾಣಲಿ ಎಂದು ಪಟ್ಟಿಯನ್ನು ತಲೆಕೆಳಗು ಮಾಡುವುದು ನನ್ನ ರೂಢಿ. ಕೊನೆಗೆ ನಾಟಿ ಮಾಡಿದವರು ಮೊದಲು ಬರುತ್ತಿದ್ದರು. ಲ್ಯಾಪ್‌ಟಾಪಿನಿಂದ ಯಾರಿಗೂ ಮೆಸೇಜು ಹೋಗುವುದಿಲ್ಲ. ಹೋಯಿತು ಎಂದು ಪರದೆಯ ಮೇಲೆ ಬರೆದು ತೋರಿಸುತ್ತದೆ, ಅಷ್ಟೇ. ಎಲ್ಲ ಸಾಲೂ ಒಮ್ಮೆಲೇ ಸುರಿದಂತೆ ಬೀಳುತ್ತವೆ.

ಆ ದಿನ ಸಾಲುಗಳು ಒಂದೊಂದಾಗಿ ಬಿದ್ದವು. ಒಂದು ಸಾಲು, ಒಂದು ಉಸಿರಿನಷ್ಟು ತಡ, ಮತ್ತೊಂದು ಸಾಲು. ಲ್ಯಾಪ್‌ಟಾಪು ಹಳೆಯದಾಯಿತು, ನಿಧಾನವಾಗಿದೆ ಎಂದುಕೊಂಡೆ. ಹೀಗೆ ಅಂದುಕೊಳ್ಳುತ್ತ ಆರೇಳು ಸಾಲು ನೋಡುತ್ತ ಕೂತೆ. ಆಮೇಲೆ ಸಾಲಿನ ಮೊದಲಿಗಿದ್ದ ಸಣ್ಣ ಅಕ್ಷರಗಳನ್ನು ಓದಿದೆ. ಅದು ಲ್ಯಾಪ್‌ಟಾಪಲ್ಲ, ಕಾರ್ಖಾನೆಯ ಯಂತ್ರ. ನಿಲ್ಲಿಸುವಷ್ಟರಲ್ಲಿ ಹನ್ನೊಂದು ಹೋಗಿದ್ದವು. ಹನ್ನೊಂದೂ ಕಾಕಾನ ಹಳ್ಳಿಗಳ ರೈತರಿಗೆ, ಕಾಕಾನ ಹೆಸರಿನಲ್ಲಿ; ಕೊನೆಗೆ ನಾಟಿ ಮಾಡಿದವರು ಆ ಕಡೆಯವರೇ.

ಮುಂದಿನ ಹತ್ತು ನಿಮಿಷದಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ಕಾರ್ಖಾನೆಯ ಪಟ್ಟಿಯನ್ನು ಮೊದಲಿನಂತೆ ಮಾಡಿದೆ. ಎರಡು ಸಲ ತಾಳೆ ನೋಡಿದೆ. ನಂತರ 'ಹಿಂದಿನ ಮೆಸೇಜು ತಪ್ಪಾಗಿ ಬಂದಿದೆ, ಕಬ್ಬು ಕಡಿಯಬೇಡಿ' ಎಂದು ಬರೆದೆ. ಅದನ್ನು ಕಳಿಸಿದರೆ ಹನ್ನೊಂದು ಮಂದಿ ಕಾಕಾಗೆ ಫೋನು ಮಾಡುತ್ತಾರೆ, ಕಾಕಾ ನಮ್ಮ ಕಚೇರಿಯ ಸಾಹೇಬರಿಗೆ, ಸಾಹೇಬರು ನನಗೆ. ಬರಿ ಮೆಸೇಜು ನೋಡಿ ಯಾರೂ ಕಬ್ಬು ಕಡಿಯುವುದಿಲ್ಲ, ಕಾಕಾನನ್ನು ಒಂದು ಮಾತು ಕೇಳಿಯೇ ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬರೆದದ್ದನ್ನು ಅಳಿಸಿದೆ. ಅವ್ವ ಚಹಾ ಕೊಟ್ಟಳು, ಕುಡಿದೆ.

ಹನ್ನೊಂದರಲ್ಲಿ ಹತ್ತು ಮಂದಿ ಕೇಳಿದರು. ಕಾಕಾ ಹತ್ತೂ ಮಂದಿಗೆ ತಡೆಯಿರಿ, ಅಮಾವಾಸ್ಯೆ ಮುಗಿದ ಮೇಲೆ ಕಚೇರಿಯಲ್ಲಿ ಕೇಳುತ್ತೇನೆ ಎಂದರು. ಹನ್ನೊಂದನೆಯವರೂ ಫೋನು ಮಾಡಿದ್ದರು. ಆಗ ಕಾಕಾ ಹಿನ್ನೀರಿನ ದಂಡೆಯ ಹಳ್ಳಿಯಲ್ಲಿದ್ದರು, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಪಕ್ಕದ ಹೊಲ ಮುಗಿಸಿದ ಗ್ಯಾಂಗು ಮರುದಿನ ಬೇರೆ ಊರಿಗೆ ಹೊರಟಿತ್ತು. ಗ್ಯಾಂಗು ಹೋದರೆ ಮತ್ತೆ ಸಿಗುವುದು ಕಷ್ಟ. ಕೈಯಲ್ಲಿ ಅನುಮತಿ ಇತ್ತು, ಕೆಳಗೆ ಗುರುತಿನವರ ಹೆಸರಿತ್ತು. ಮಂಗಳವಾರ ಬೆಳಿಗ್ಗೆ ಅವರು ಕಡಿಸಲು ಶುರು ಮಾಡಿದರು. ಕಾಕಾ ತಪ್ಪಿದ ಕರೆ ನೋಡಿ ತಿರುಗಿ ಮಾಡಿದಾಗ ಮಧ್ಯಾಹ್ನ. ಅಷ್ಟರಲ್ಲಿ ಒಂದೂವರೆ ಎಕರೆ ನೆಲಕ್ಕೆ ಬಿದ್ದಿತ್ತು.

ಬುಧವಾರ ಎಳ್ಳ ಅಮಾವಾಸ್ಯೆ. ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಭೂಮಿಗೆ ಎಡೆ ಎರಚಿ ಉಣ್ಣುವ ದಿನ. ಆ ಮನೆಯವರೂ ರೊಟ್ಟಿ, ಕಡಬು, ಹೋಳಿಗೆಯ ಬುಟ್ಟಿ ಹೊತ್ತು ಹೋಗಿ, ಟ್ರ್ಯಾಕ್ಟರು ಬಾರದೆ ಬಿದ್ದಿದ್ದ ಕಬ್ಬಿನ ಪಕ್ಕದಲ್ಲಿ ಕೂತು ಉಂಡರಂತೆ. ಇದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ಬನಹಟ್ಟಿಯಲ್ಲಿ ಸಜ್ಜೆ ರೊಟ್ಟಿ ತಿನ್ನುತ್ತ, ಯಾರಿಂದಲೂ ಫೋನು ಬರಲಿಲ್ಲವೆಂದು ನೆಮ್ಮದಿಯಾಗಿದ್ದೆ.

ಗುರುವಾರ ಬೆಳಿಗ್ಗೆ ಆ ಹನ್ನೊಂದನೆಯ ರೈತರೊಬ್ಬರೇ ಫೋನು ಕೈಯಲ್ಲಿ ಹಿಡಿದು ಕಚೇರಿಗೆ ಬಂದರು. ಸಾಹೇಬರು ಕಾಕಾನನ್ನು ಕರೆಸಿದರು, ನನ್ನನ್ನೂ ಕರೆದರು.

"ನೀವ ಓದ್ರಿ ಸಾಹೇಬ್ರ. ಬುಡಕ ಯಾರ ಹೆಸರ ಐತಿ?" ಎಂದು ರೈತರು ಫೋನನ್ನು ಮೇಜಿನ ಮೇಲಿಟ್ಟರು.

"ಹೆಸರ ನಂದ ಐತ್ರಿ," ಎಂದರು ಕಾಕಾ. "ಆದ್ರ ನಾ ಕೊಟ್ಟಿಲ್ರಿ. ನಿಮ್ಮ ಪಾಳಿ ಇನ್ನೂ ಒಂದೂವರಿ ತಿಂಗಳ ಐತಿ, ನಾ ಹ್ಯಾಂಗ ಕೊಡ್ಲಿ?"

"ಮತ್ತ ನಿನ್ನ ಹೆಸರ ದೆವ್ವ ಬಂದು ಬರೀತೇನು?"

ಸಾಹೇಬರಿಗೆ ಆಗಲೇ ಒಂದು ತೀರ್ಮಾನ ಬಂದಿತ್ತು. "ಹನ್ನೊಂದು ಮಂದೀಗೆ ಹೋಗೇತಿ, ಎಲ್ಲಾ ನಿಮ್ಮ ಹಳ್ಳಿಗೊಳ. ನೀವು ಲಿಸ್ಟ್ ತಿರುವು ಮುರುವು ಬರಕೊಟ್ಟೀರಿ. ವಯಸ್ಸಾತು ನಿಮಗ." ಆಮೇಲೆ ನನ್ನ ಕಡೆ ತಿರುಗಿದರು. "ಮಷೀನ್ಯಾಗ ಏನರ ಕೆಟ್ಟೈತೇನು?"

"ಇಲ್ರಿ ಸರ್. ಮಷೀನ್ ಛಲೋ ಐತ್ರಿ."

ಆ ಉತ್ತರದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಯಂತ್ರ ಚೆನ್ನಾಗಿಯೇ ಇತ್ತು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು.

ಕಾಕಾ ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಆ ಕೋಣೆಯಲ್ಲಿ ತನ್ನ ಕಡೆಯವನು ಒಬ್ಬನಿದ್ದಾನೆ ಎನ್ನುವಂತೆ ನೋಡಿದರು. "ತಮ್ಮಾ, ನೀ ಒಂದೀಟು ನೋಡು. ಎಲ್ಲೆರ ಹೆಚ್ಚುಕಡಿಮಿ ಆಗಿರಬೇಕು."

"ನೋಡೇನ್ರಿ ಕಾಕಾ. ಏನೂ ಇಲ್ಲ," ಎಂದೆ.

ಇದು ಸುಳ್ಳು. ಯಾವ ದಿನ, ಯಾವ ನಿಮಿಷಕ್ಕೆ, ಯಾರ ಹೆಸರಿನಿಂದ ಒಳಗೆ ಬಂದವರು ಮೆಸೇಜು ಕಳಿಸಿದರು ಎಂಬುದು ಯಂತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ತೆಗೆದು ಓದಲು ಬಲ್ಲವನು ಆ ಕಚೇರಿಯಲ್ಲಿ ನಾನೊಬ್ಬನೇ.

ಶುಕ್ರವಾರದಿಂದ ಕಾಕಾನನ್ನು ಹಳ್ಳಿಗಳಿಂದ ತೆಗೆದು ಕಾರ್ಖಾನೆಯ ಯಾರ್ಡಿಗೆ ಹಾಕಿದರು. ಟ್ರ್ಯಾಕ್ಟರುಗಳು ಬಂದ ಕ್ರಮ ಬರೆದುಕೊಳ್ಳುವ ಕೆಲಸ, ದಿನವೆಲ್ಲ ಧೂಳಿನಲ್ಲಿ ನಿಲ್ಲಬೇಕು. ಬಿದ್ದ ಕಬ್ಬನ್ನು ಸೋಮವಾರ ಎತ್ತಿದರು. ಕಡಿದು ಆರು ದಿನವಾಗಿತ್ತು. ಅದಕ್ಕೂ ಮೊದಲು ಆ ರೈತರು ತಮ್ಮೂರಿನ ಚಹಾದಂಗಡಿಯಲ್ಲಿ, ಹತ್ತು ಜನರ ಮುಂದೆ, ಕಾಕಾನನ್ನು ಎದುರಿಗೇ ನಿಲ್ಲಿಸಿ, ಮಕ್ಕಳು ಮರಿಯನ್ನೂ ಸೇರಿಸಿ ಬೈದರು ಎಂದು ಟ್ರ್ಯಾಕ್ಟರಿನವನೊಬ್ಬ ನಗುತ್ತ ಹೇಳಿದ.

ನಾನು ಬಣ್ಣ ಹಾಕಿದ್ದು ಆ ಗುರುವಾರ ಸಂಜೆ. ಕಚೇರಿಯಿಂದ ಮನೆಗೆ ಬಂದವನು ಕೈಕಾಲು ತೊಳೆಯದೆ ಅದಕ್ಕೇ ಕೂತೆ. ಮೊದಲು ಕಾರ್ಖಾನೆಯ ಪರದೆಗೆ ಹಸಿ ಕೆಂಪು ಕೊಟ್ಟೆ. ಬಿಳಿ ಅಕ್ಷರ ಅದರ ಮೇಲೆ ಕುಣಿದಂತಾಗಿ ಓದಲು ಬರಲಿಲ್ಲ. ಕೆಂಪಿಗೆ ಕಪ್ಪು ಬೆರೆಸುತ್ತ ಹೋಗಿ, ಅಕ್ಷರಗಳನ್ನು ಕೆನೆಬಣ್ಣಕ್ಕೆ ತಂದು, ಕೊನೆಗೆ ದಾಳಿಂಬರಿಗೆ ನಿಲ್ಲಿಸಿದೆ. ಕಾರ್ಖಾನೆಯ ಯಂತ್ರಕ್ಕೆ ಸಂಪರ್ಕ ಸಿಕ್ಕ ಕೂಡಲೇ ಪರದೆ ತಾನಾಗಿ ಬಣ್ಣ ಬದಲಿಸುವಂತೆ ನಾಲ್ಕು ಸಾಲು ಬರೆದೆ. ಅದೂ ಮೊದಲ ಸಲ ತಪ್ಪಾಯಿತು. ಸಂಪರ್ಕ ಕಡಿದು ಹೊರಗೆ ಬಂದ ಮೇಲೂ ಬಣ್ಣ ಹಾಗೆಯೇ ಉಳಿಯಿತು. ಅಂದರೆ ಲ್ಯಾಪ್‌ಟಾಪಿನಲ್ಲಿದ್ದಾಗಲೂ ಕಾರ್ಖಾನೆಯಲ್ಲಿದ್ದೇನೆ ಎಂದು ಅದು ಹೇಳುತ್ತಿತ್ತು. ಹೊರಗೆ ಬಂದಾಗ ಮರಳಿ ಕಪ್ಪಾಗಲು ಇನ್ನೊಂದು ಸಾಲು ಸೇರಿಸಿದೆ. ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಇಪ್ಪತ್ತು ಸಲವಾದರೂ ಹೋಗಿ ಬಂದೆ. ಏನೋ ಒಂದನ್ನು ಸರಿಪಡಿಸಿದೆ ಎಂಬ ಸಮಾಧಾನ ಬಂದಿತ್ತು.

ಆ ಬಣ್ಣ ನನಗೆ ಎಲ್ಲಿಂದ ಹೊಳೆಯಿತು ಎಂಬುದು ಅವ್ವ ಬಂದಾಗ ಗೊತ್ತಾಯಿತು. ನಮ್ಮ ಎರಡು ಮಗ್ಗಕ್ಕೆ ಇಬ್ಬರು ಬೇರೆ ಬೇರೆ ಸಾವಕಾರರು ನೂಲು ಕೊಡುತ್ತಾರೆ. ಎರಡಕ್ಕೂ ಕಟ್ಟಿದ ನೂಲಿನ ಹಾಸು ನೋಡಲು ಒಂದೇ. ನಾನು ಸಾಲೆಗೆ ಹೋಗುವಾಗ ಅವ್ವ ಒಮ್ಮೆ ಒಬ್ಬರ ನೂಲಿನ ಸೀರೆಗೆ ಇನ್ನೊಬ್ಬರ ಅಂಚನ್ನು ನೇಯ್ದುಬಿಟ್ಟಿದ್ದಳು. ಅಂದಿನಿಂದ ಬಾಗಿಲ ಕಡೆಯ ಮಗ್ಗದ ನೂಲು ಸುತ್ತಿದ ಬೀಮಿಗೆ ಒಂದು ಚಿಂದಿ ಕಟ್ಟುತ್ತಾಳೆ. ದಾಳಿಂಬರಿ ಸೀರೆಯ ಚಿಂದಿ.

"ಏನ್ಲೇ ಇದು, ಇದಕ್ಕೂ ಸೀರಿ ಬಣ್ಣ ಹಾಕೀದಿ?"

"ಕಾರ್ಖಾನಿ ಮಷೀನ್ ಯಾವುದು, ನಂದ್ಯಾವುದು ಅಂತ ಗೊತ್ತಾಗ್ಲಿ ಅಂತ, ಅವ್ವಾ."

"ಅಂದ್ರ ಚಿಂದಿ ಕಟ್ಟೀದಿ."

"ಹೂಂ."

ಅವಳು ಪರದೆಯತ್ತ ಬಗ್ಗಿದಳು. "ಯಾರದು ಕೆಡಿಸಿದಿ?"

"ಯಾರದೂ ಇಲ್ಲ."

ಅವಳು ಮುಂದಿನ ಕೋಣೆಗೆ ಹೋದಳು. ಮಗ್ಗ ಶುರುವಾದ ಸದ್ದು ಕೇಳಿತು.

ಇದಾಗಿ ಐದು ವಾರಕ್ಕೆ, ಒಂದು ದಿನ ಕಾಕಾ ಯಾರ್ಡಿನ ಪಟ್ಟಿ ತೆಗೆದುಕೊಂಡು ಹೋಗಲು ಕಚೇರಿಯ ನನ್ನ ಕೋಣೆಗೆ ಬಂದರು. ಹುಬ್ಬಿನ ಮೇಲೂ ಧೂಳಿತ್ತು. ಪ್ರಿಂಟರಿನಿಂದ ಹಾಳೆ ಬರುವವರೆಗೆ ಮೊದಲಿನಂತೆ ನನ್ನ ಹಿಂದೆ ನಿಂತರು.

"ಇದೇನ್ ತಮ್ಮಾ, ಒಂದು ಕರೀದು, ಒಂದು ಕೆಂಪು?"

ಬೇರೆ ಯಾರೇ ಕೇಳಿದ್ದರೂ ಹೇಳುತ್ತಿದ್ದುದನ್ನೇ ಹೇಳಲು ಹೊರಟೆ. "ಕರೀದು ನನ್ನ ಲ್ಯಾಪ್‌ಟಾಪ್, ಕೆಂಪು ಕಾರ್ಖಾನಿದು. ಮೊದಲ ಎರಡೂ ಕರೀವ ಇದ್ದೂ ಕಾಕಾ. ಇದ್ರಾಗ ಬರಿಯೂದು ಅದ್ರಾಗ ಬರದುಬಿಟ್ರ..." ಅಲ್ಲಿಗೆ ನಿಂತೆ.

"ಬರದುಬಿಟ್ರ ಏನಾಕ್ಕೈತಿ?"

"ಇಲ್ಲಿ ಸುಮ್ನ ನೋಡಾಕ ಮಾಡಿದ್ದು ಅಲ್ಲಿ ಖರೆ ಆಕ್ಕೈತ್ರಿ."

ಪ್ರಿಂಟರು ನಿಂತಿತು. ಅವರು ಹಾಳೆಗಳನ್ನು ತೆಗೆದು ಅಂಚು ಕೂಡಿಸಿದರು. "ಈ ಬಣ್ಣ ಯಾವಾಗ ಹಾಕಿದಿ?"

ಹೋದ ವರ್ಷ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. "ಎಳ್ಳ ಅಮಾಸಿ ಮರುದಿನ," ಎಂದೆ.

ಅವರು ಹಾಳೆಗಳನ್ನು ಮತ್ತೊಮ್ಮೆ ಕೂಡಿಸಿದರು. ಅವು ಆಗಲೇ ಕೂಡಿದ್ದವು. "ಹನ್ನೊಂದು ಮಂದೀಗೆ ಹೋಗಿತ್ತು."

"ಹೌದ್ರಿ ಕಾಕಾ."

"ನೋಡೇನಿ, ಏನೂ ಇಲ್ಲ ಅಂದಿದ್ರಿ ನೀವು."

ಅವರು ನನಗೆ ರೀ ಎಂದದ್ದು ಅದೇ ಮೊದಲು. ಹಾಳೆ ಹಿಡಿದುಕೊಂಡು ಯಾರ್ಡಿಗೆ ಹೋದರು. ಟ್ರ್ಯಾಕ್ಟರುಗಳು ಕಾಯುತ್ತಿದ್ದವು.

ಅರ್ಧ ತಾಸಿನ ನಂತರ ನಾನು ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. "ಇದು ಇಲ್ಲೇ ಇರ್ಲಿ. ನಿಮ್ಮನ್ನ ಕಳಿಸಿದ್ರ ಈ ಮಷೀನ್ ನೋಡವ್ರ ಯಾರು? ಅವ್ರನ್ನ ನಾಳೆಯಿಂದ ಹಳ್ಳಿಗೆ ಹಾಕ್ತೀನಿ, ಮುಗೀತು." ಬಾಗಿಲು ತೆರೆದು ಹೊರಗೆ ಬಂದಾಗ ನನಗೆ ಹಗುರವಾಗಿತ್ತು. ನಾನು ಮಾಡಿದ ಎಲ್ಲದರಲ್ಲಿ ಈಗಲೂ ನೆನೆಯಲು ಆಗದಿರುವುದು ಆ ಹಗುರ.

ಅದು ಸಂಜೆಯವರೆಗೆ ಉಳಿಯಿತು. ಸಂಜೆ ಕಾಕಾ ಗೇಟಿನ ಬಳಿ ನನ್ನನ್ನು ತಡೆದರು.

"ಹಳ್ಳಿಗೆ ಹೋಗು ಅಂದ್ರು ಸಾಹೇಬ್ರು. ಹೊಕ್ಕೀನಿ. ಹೋಗಿ ಏನಂತ ನಿಂದರ್ಲಿ? ನಾ ತಪ್ಪ ಮಾಡಿದ್ದೆ, ಈಗ ಮಾಫ್ ಆಗೇತಿ ಅನ್ನಲ್ಯಾ?"

ಅವರು ಬೈಕಿನ ಕಡೆ ಹೋಗಿ ತಿರುಗಿ ನಿಂತರು.

"ನಾ ಎಲ್ಲಿ ಬೈಸಿಕೊಂಡೇನಿ, ಅಲ್ಲಿ ಬಂದು ಹೇಳ್ರಿ."

ಭಾನುವಾರ ಬೆಳಿಗ್ಗೆ ಜಮಖಂಡಿಯ ಬಸ್ ಸ್ಟ್ಯಾಂಡಿನ ಮುಂದೆ ಅವರ ಬೈಕಿನ ಹಿಂದೆ ಕೂತೆ. ಬೀಳಗಿಯ ಕಡೆಯ ಆ ರೈತರ ಊರು ಮುಟ್ಟಿದೆವು. ಚಹಾದಂಗಡಿಯಲ್ಲಿ ಏಳು ಮಂದಿ ಇದ್ದರು. ಕಬ್ಬು ಕಡಿಸಿದ್ದ ಆ ರೈತರೂ ಅವರಲ್ಲಿದ್ದರು. ಕಾಕಾ ನನ್ನನ್ನು ಬೆಂಚಿನ ತುದಿಗೆ ಕೂಡಿಸಿ, "ಮೆಸೇಜಿನ ವಿಚಾರ ಇವ್ರು ಹೇಳ್ತಾರ ಕೇಳ್ರಿ" ಎಂದು ತಾವು ಕಂಬಕ್ಕೆ ಒರಗಿ ನಿಂತರು.

ನಾನು ಹೇಳಿದೆ. ಅರ್ಥವಾಗಲಿಲ್ಲ ಎಂದರು. ಲ್ಯಾಪ್‌ಟಾಪು ತೆರೆದೆ. ಬಣ್ಣ ತೆಗೆದುಹಾಕಿ, ಆ ಸೋಮವಾರ ಹೇಗಿತ್ತೋ ಹಾಗೆ ಎರಡು ಕಪ್ಪು ಪರದೆ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದೆ. ಒಂದು ಇಲ್ಲಿಯದು, ಒಂದು ಕಾರ್ಖಾನೆಯದು, ಈಗ ಅವ್ವ ಮಗ್ಗಕ್ಕೆ ಚಿಂದಿ ಕಟ್ಟುವಂತೆ ಒಂದಕ್ಕೆ ಬಣ್ಣ ಹಾಕಿದ್ದೇನೆ ಎಂದೆ. ಎಲ್ಲರೂ ಬಗ್ಗಿ ನೋಡಿದರು.

ಮುದುಕರೊಬ್ಬರು, "ನಮ್ಮ ಎಮ್ಮಿ ಯಾವುದು, ಮಂದಿ ಎಮ್ಮಿ ಯಾವುದು ಅಂತ ನಮಗ ಕತ್ತಲ್ಯಾಗೂ ಗೊತ್ತಾಕ್ಕೈತಿ. ಎರಡೂ ಕರೀವ ಇರ್ತಾವ" ಎಂದರು. "ಇವ್ರು ಕಲ್ತವ್ರು ಬಿಡ್ರಿ, ಚಿಂದಿ ಬೇಕಾಕ್ಕೈತಿ." ನಕ್ಕರು. ಕಾಕಾ ನಗಲಿಲ್ಲ.

ಆ ರೈತರೂ ನಗಲಿಲ್ಲ. "ಮೆಸೇಜ್ ತಪ್ಪಿ ಹೋಗೇತಿ ಅಂತ ನಿಮಗ ಯಾವಾಗ ಗೊತ್ತಾತು?"

"ಆಗಲೇ ಗೊತ್ತಾತ್ರಿ."

"ಆಗಲೇ ಅಂದ್ರ?"

"ಸೋಮವಾರ ಸಂಜಿ. ನಾಕರ ಸುಮಾರ."

"ನಾವು ಕಡಿಯಾಕ ಹತ್ತಿದ್ದು ಮಂಗಳವಾರ ಮುಂಜಾನಿ ಏಳಕ್ಕ."

ಅಂಗಡಿಯವನು ಸ್ಟೋ ಸಣ್ಣದು ಮಾಡಿದ. ಹದಿನೈದು ತಾಸು. ಪರದೆ ಕಪ್ಪಾಗಿದ್ದದ್ದು ಕೆಲವು ನಿಮಿಷದ ತಪ್ಪು. ಈ ಹದಿನೈದು ತಾಸಿಗೆ ಯಾವ ಬಣ್ಣದ ನೆಪವೂ ಇರಲಿಲ್ಲ. ಅದನ್ನು ಆ ಏಳು ಮಂದಿಗಿಂತ ಚೆನ್ನಾಗಿ ನಾನು ಬಲ್ಲೆ. ಲ್ಯಾಪ್‌ಟಾಪು ಮುಚ್ಚಿದೆ.

ರೈತರು ಕಾಕಾನ ಕಡೆ ತಿರುಗಿದರು. "ನಾ ಇಲ್ಲೇ ನಿಂತು ಬೈದೆ. ನೀನರ ತಿರುಗಿ ಒಂದು ಮಾತು ಅನ್ನಬಾರದಾಗಿತ್ತೇನು?"

"ಅಂದಿದ್ರ ನಿಮ್ಮ ಕಬ್ಬು ಮತ್ತ ಹಸಿ ಆಕ್ಕಿತ್ತೇನ್ರಿ?"

"ನೀ ಕೊಟ್ಟಿಲ್ಲ ಅಂದಾಗ ನಂಬಬೇಕಾಗಿತ್ತು."

"ಆತು ಬಿಡ್ರಿ. ಚಾ ತಗೋರಿ," ಎಂದರು ಕಾಕಾ. ಅಂಗಡಿಯವನು ನನಗೂ ಒಂದು ಕಪ್ ಚಹಾ ಕೊಟ್ಟ. ಬೇಡ ಎನ್ನುವ ಧೈರ್ಯವಾಗಲಿಲ್ಲ, ಕುಡಿದೆ.

ಜಮಖಂಡಿಗೆ ಬಂದಾಗ ಮಧ್ಯಾಹ್ನ. ಬನಹಟ್ಟಿಯ ಬಸ್ಸು ನಿಂತಿತ್ತು. ನಾನು ಇಳಿದೆ. ಕಾಕಾ ಬೈಕು ಆರಿಸಲಿಲ್ಲ.

"ಕಾಕಾ," ಎಂದೆ.

"ಇನ್ನ ಮ್ಯಾಲ ಮೆಸೇಜಿನ ಬುಡಕ ನನ್ನ ಹೆಸರ ಬ್ಯಾಡ್ರಿ," ಎಂದರು. "ಕಳಸವ್ರು ನೀವು. ನಿಮ್ಮ ಹೆಸರ ಹಾಕ್ರಿ."

ಸಾಹೇಬರು ಅದು ಯಾಕೆ ಎಂದರು. ನಾನು ಹಾಕಿದೆ. ಕೆಳಗೆ ನನ್ನ ಹೆಸರು, ನನ್ನ ಫೋನು. ಹಂಗಾಮು ನಡೆದಿರುವಾಗ ಈಗ ಕರೆಗಳು ನನಗೆ ಬರುತ್ತವೆ. ಕಾಕಾ ತಮ್ಮ ಹಳ್ಳಿಗಳಲ್ಲಿದ್ದಾರೆ. ಕಚೇರಿಗೆ ಬಂದರೆ ಪಟ್ಟಿ ಕೇಳಿ ಪಡೆದು ಹೋಗುತ್ತಾರೆ. ಕಬ್ಬು ಸೀ ಐತೋ ಸಪ್ಪಗ ಐತೋ ಎಂದು ಕೇಳುವುದಿಲ್ಲ. ಮೊನ್ನೆ ಹಿನ್ನೀರಿನ ಕಡೆಯ ಒಬ್ಬ ಹೆಣ್ಣುಮಗಳು ಫೋನು ಮಾಡಿ, "ಅಣ್ಣಾ, ಮೆಸೇಜ್ ಬಂದೈತಿ. ಖರೇನ ಐತೋ ಇಲ್ಲೋ? ಗ್ಯಾಂಗಿನವ್ರು ಬಾಗಲಾಗ ಕುಂತಾರ" ಎಂದಳು. ತಡೀರಿ ಅಕ್ಕಾ ಎಂದು ಪರದೆಯ ಬಣ್ಣ ನೋಡಿದೆ. ಸಾಲಿನ ಮೊದಲಿನ ಸಣ್ಣ ಅಕ್ಷರಗಳನ್ನು ಓದಿದೆ. ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಬೆರಳಿಟ್ಟು ನಾಟಿಯ ದಿನ ತಾಳೆ ನೋಡಿದೆ. ಆಮೇಲೆ, ಖರೆ ಐತಿ, ಕಡಸ್ರಿ ಎಂದೆ.